‘ಇನ್‌ಹೆರಿಟ್ ದ ವಿಂಡ್’ ನಾಟಕದ ಬ್ರೇಡಿಯೂ ಚರಿತ್ರೆಯ ಬ್ರಯನನೂ

ಬೈಬಲ್ಲೇ ಪರಮಪ್ರಮಾಣವೆಂದೂ, ಪ್ರತಿಯೊಬ್ಬನೂ ಕ್ರಿಸ್ತನಲ್ಲಿ ಹೊಸದಾಗಿ ಹುಟ್ಟಬೇಕೆಂದೂ, ಸುವಾರ್ತೆಯನ್ನು ಲೋಕಕ್ಕೆಲ್ಲ ಸಾರಬೇಕೆಂದೂ ನಂಬುವ ಪ್ರಾಟೆಸ್ಟಂಟರನ್ನು ಅಮೆರಿಕದಲ್ಲಿ ಇವ್ಯಾಂಜೆಲಿಕಲ್ ಪಂಥದವರೆಂದು ಕರೆಯುತ್ತಾರೆ. ಇವರಲ್ಲಿ ಬಿಳಿಯರಾದವರು ಆ ದೇಶದ ಸಂಪ್ರದಾಯವಾದಿ ರಾಜಕೀಯಕ್ಕೆ ಬೆನ್ನೆಲುಬಾಗಿರುವರೆಂಬುದು ಪ್ರಸಿದ್ಧವಾದ ಸಂಗತಿ. 2016ರ ಅಧ್ಯಕ್ಷ ಚುನಾವಣೆಯಲ್ಲಿ ಅವರಲ್ಲಿ ಹೆಚ್ಚುಕಡಮೆ ನೂರಕ್ಕೆ 80 ಮಂದಿ ರಿಪಬ್ಲಿಕನ್ ಅಭ್ಯರ್ಥಿಗೆ ಮತವಿತ್ತರು. ಈ ನಂಟು ಆ ಮತದ ಸ್ವಭಾವದಿಂದಲೇ ಹುಟ್ಟಿತೆಂದು ನಮ್ಮಲ್ಲಿ ಅನೇಕರು ಭಾವಿಸಿದ್ದಾರೆ. ಹಾಗೆ ಭಾವಿಸುವುದಕ್ಕೆ ಸಾಹಿತ್ಯವೂ ಒಂದು ಕಾರಣ. ಅದರಲ್ಲಿಯೂ ಮುಖ್ಯವಾಗಿ ಒಂದು ನಾಟಕ. ಅದನ್ನು ಈ ದೃಷ್ಟಿಯಿಂದ ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಜೆರೋಮ್ ಲಾರೆನ್ಸ್ ಮತ್ತು ರಾಬರ್ಟ್ ಇ. ಲೀ ಎಂಬವರು ಕೂಡಿ ಬರೆದ ‘ಇನ್‌ಹೆರಿಟ್ ದ ವಿಂಡ್’ 1955ರ ಜನವರಿಯಲ್ಲಿ ಡಲ್ಲಾಸ್ ನಗರದಲ್ಲಿ ಮೊದಲು ರಂಗವನ್ನೇರಿ, ಅದೇ ವರ್ಷದ ಏಪ್ರಿಲಿನಲ್ಲಿ ನ್ಯೂಯಾರ್ಕಿಗೆ ಬಂದಿತು. 1960ರಲ್ಲಿ ಸ್ಟ್ಯಾನ್ಲಿ ಕ್ರೇಮರನು ಅದನ್ನು ಚಲನಚಿತ್ರವಾಗಿ ತೆಗೆದನು. ವಸ್ತುವು 1925ರ ಜುಲೈಯಲ್ಲಿ ಟೆನ್ನೆಸೀ ಪ್ರಾಂತದ ಡೇಟನ್ ಎಂಬ ಸಣ್ಣ ಊರಿನಲ್ಲಿ ನಡೆದ ಮೊಕದ್ದಮೆ. ಮನುಷ್ಯನು ಕೆಳಗಿನ ಪ್ರಾಣಿಗಳಿಂದ ಬಂದವನೆಂದು ಸರ್ಕಾರಿ ಶಾಲೆಗಳಲ್ಲಿ ಕಲಿಸಕೂಡದೆಂಬ ಕಾನೂನನ್ನು ಮೀರಿದನೆಂದು ಜಾನ್ ಸ್ಕೋಪ್ಸ್ ಎಂಬ ಉಪಾಧ್ಯಾಯನನ್ನು ವಿಚಾರಣೆಗೆ ಗುರಿಪಡಿಸಲಾಯಿತು. ಆತನ ಪರವಾಗಿ ವಾದಿಸಿದವನು ಕ್ಲಾರೆನ್ಸ್ ಡ್ಯಾರೊ. ಎದುರು ನಿಂತವನು ವಿಲಿಯಂ ಜೆನ್ನಿಂಗ್ಸ್ ಬ್ರಯನ್. ವಾರ್ತೆಗಳನ್ನು ಬರೆದು ಲೋಕವನ್ನು ನಗಿಸಿದವನು ಹೆಚ್. ಎಲ್. ಮೆಂಕನ್. ನಾಟಕದಲ್ಲಿ ಡೇಟನ್ ಹಿಲ್ಸ್‌ಬೊರೊ ಆಗಿದೆ. ಈ ಮೂವರು ಕ್ರಮವಾಗಿ ಡ್ರಮಂಡ್, ಬ್ರೇಡಿ, ಹಾರ್ನ್‌ಬೆಕ್ ಎಂಬ ಹೆಸರು ತಳೆದಿದ್ದಾರೆ.

ತಾವು ಬರೆದುದು ಚರಿತ್ರೆಯಲ್ಲವೆಂದು ನಾಟಕಕಾರರೇ ಮೊದಲಲ್ಲಿ ಹೇಳಿಕೊಂಡಿದ್ದಾರೆ. ಅವರಿಗೆ ಬೇಕಾಗಿದ್ದುದು 1925ನೆಯ ಇಸವಿಯಲ್ಲ. ಸೆನೆಟರ್ ಮೆಕಾರ್ಥಿಯ ಕಾಲದಲ್ಲಿ ವಿಚಾರಸ್ವಾತಂತ್ರ್ಯಕ್ಕೆ ಒದಗಿದ ಭಯ. ಆದುದರಿಂದ ಸ್ಕೋಪ್ಸನು ಸೆರೆಮನೆಯಲ್ಲಿರಲಿಲ್ಲ, ಊರಿನ ವರ್ತಕರೇ ಊರಿಗೆ ಹೆಸರು ಬರಲೆಂದು ಮೊಕದ್ದಮೆಯನ್ನು ಹೂಡಿಸಿದರು, ಬ್ರಯನನು ನ್ಯಾಯಾಲಯದಲ್ಲಿ ಕುಸಿದುಬೀಳದೆ ಐದು ದಿನಗಳ ಮೇಲೆ ನಿದ್ರೆಯಲ್ಲಿ ಸತ್ತನು ಎಂದು ಮುಂತಾಗಿ ತಪ್ಪುಗಳ ಪಟ್ಟಿಯನ್ನು ಮಾಡುವುದು ವಿಮರ್ಶೆಯ ಕೆಲಸವಲ್ಲ. ಕಥೆಯನ್ನು ಮಾರ್ಪಡಿಸುವ ಅಧಿಕಾರ ಕವಿಗೆ ಎಂದಿನಿಂದಲೂ ಉಂಟು; ಮಹಾಭಾರತದ ದುಷ್ಯಂತನೂ ಕಾಳಿದಾಸನ ದುಷ್ಯಂತನೂ ಒಬ್ಬನೇ ಅಲ್ಲ. ಆದರೆ ಕಾಳಿದಾಸನು ಮಾಡಿದ ಮಾರ್ಪಾಟಿನಿಂದ ಪಾತ್ರವು ಬೆಳೆಯಿತು. ಇಲ್ಲಿ ಏನಾಯಿತೆಂಬುದೇ ಪ್ರಶ್ನೆ.

ಬ್ರೇಡಿಯು ಮೂರು ಬಾರಿ ಅಧ್ಯಕ್ಷಪದವಿಗೆ ಸ್ಪರ್ಧಿಸಿ ಸೋತವನೆಂಬುದು ನಾಟಕದಲ್ಲಿ ಬರುತ್ತದೆ. ಆದರೆ ಆತನು ಯಾವುದಕ್ಕಾಗಿ ಸ್ಪರ್ಧಿಸಿದನು, ಯಾರು ಆತನನ್ನು ಬೆಂಬಲಿಸಿದರು ಎಂಬುದಕ್ಕೆ ಅಲ್ಲಿ ಉತ್ತರವೆಂಬಂಥದು ಇಲ್ಲ. ಆತನು ಹೊಟ್ಟೆಬಾಕ, ಹೊಗಳಿಕೆಗೆ ಹಾತೊರೆಯುವವನು, ಜನ ನಕ್ಕರೆಂದು ಹೆಂಡತಿಯ ಬಳಿ ಮಗುವಿನಂತೆ ಅಳುವವನು. ಈಗ ಚರಿತ್ರೆಯ ಬ್ರಯನನನ್ನು ನೋಡೋಣ. 1896ರಲ್ಲಿ ಷಿಕಾಗೊ ಸಮ್ಮೇಳನದಲ್ಲಿ ಆತನು ಮಾಡಿದ ‘ಚಿನ್ನದ ಶಿಲುಬೆ’ಯ ಭಾಷಣದ ವಿಷಯ ಹಣಕಾಸಿನದು. ಚಿನ್ನವೊಂದನ್ನೇ ನಾಣ್ಯದ ಆಧಾರವಾಗಿಟ್ಟುಕೊಂಡದ್ದರಿಂದ ಬೆಳೆಯ ಬೆಲೆ ಇಳಿದು, ಸಾಲದ ಹೊರೆ ಏರಿ, ದಕ್ಷಿಣ ಪಶ್ಚಿಮಗಳ ರೈತರು ಕಂಗೆಟ್ಟಿದ್ದರು. ಬೆಳ್ಳಿಗೂ ನಾಣ್ಯದ ಹಕ್ಕನ್ನು ಕೊಡಬೇಕೆಂಬ ವಾದಕ್ಕೆ ಬ್ರಯನನು ಕ್ರಿಸ್ತನ ಮುಳ್ಳಿನ ಕಿರೀಟವನ್ನೂ ಶಿಲುಬೆಯನ್ನೂ ತಂದು ಜೋಡಿಸಿದನು. ಸುವಾರ್ತೆಯ ನುಡಿ ಅಂದು ಬ್ಯಾಂಕುಗಳ ವಿರುದ್ಧ ನುಡಿಯಿತು. ಆದಾಯದ ಮೇಲಣ ತೆರಿಗೆ, ಸೆನೆಟರುಗಳನ್ನು ಜನರೇ ನೇರವಾಗಿ ಆರಿಸುವುದು, ಸ್ತ್ರೀಯರಿಗೆ ಮತದ ಹಕ್ಕು, ಈ ಮೂರಕ್ಕೂ ಆತನು ಹೋರಾಡಿದನು. ಮೂರೂ 1913ರಿಂದ 1920ರೊಳಗೆ ಸಂವಿಧಾನವನ್ನು ಸೇರಿದವು. ಫಿಲಿಪೀನ್ಸ್ ದ್ವೀಪಗಳನ್ನು ಆಳುವ ಆಸೆಯನ್ನು ಖಂಡಿಸಿದನು. 1915ರಲ್ಲಿ, ದೇಶವು ಯುದ್ಧದ ಕಡೆಗೆ ವಾಲುತ್ತಿದೆಯೆಂದು ಕಂಡು, ವಿದೇಶಾಂಗ ಮಂತ್ರಿಯ ಪದವಿಯನ್ನೇ ಬಿಟ್ಟನು. ನಮ್ಮ ವಾಚಕರಿಗೆ ಇನ್ನೊಂದು ಸಂಗತಿಯನ್ನೂ ಹೇಳಬೇಕು: ಲೋಕಸಂಚಾರದಲ್ಲಿ ಭಾರತಕ್ಕೂ ಬಂದು ಹೋದ ಆತನು 1906ರಲ್ಲಿ ಇಲ್ಲಿಯ ಬ್ರಿಟಿಷ್ ಆಳ್ವಿಕೆಯನ್ನು ಖಂಡಿಸಿ ಲೇಖನ ಬರೆದನು. ಇಂಥವನನ್ನು ಪ್ರತಿಗಾಮಿಯೆಂದು ಒಂದೇ ಮಾತಿನಲ್ಲಿ ಹೇಳಿ ಮುಗಿಸುವುದು ಸುಲಭವಲ್ಲ.

ಹಾಗಾದರೆ ಡೇಟನ್ನಿನಲ್ಲಿ ಆತನು ನಿಂತದ್ದೇಕೆ? ಬೈಬಲ್ಲಿನಲ್ಲಿದ್ದ ನಂಬಿಕೆ ಮೊದಲನೆಯ ಕಾರಣವೆಂಬುದು ನಿಜ. ವಿಜ್ಞಾನದ ವಿಷಯದಲ್ಲಿ ಆತನು ತಪ್ಪಿದನೆಂಬುದೂ ನಿಜ, ಅದನ್ನು ಮರೆಸಬೇಕಾಗಿಲ್ಲ. ಆದರೆ ಬಲಿಷ್ಠನು ಬದುಕಲಿ, ದುರ್ಬಲನು ಅಳಿಯಲಿ ಎಂಬ ನೀತಿಗೆ ಡಾರ್ವಿನ್ನನ ಹೆಸರನ್ನು ಬಳಸುತ್ತಿದ್ದವರನ್ನು ಆತನು ಕಂಡಿದ್ದನು. ಜರ್ಮನಿಯ ಯುದ್ಧದಾಹಕ್ಕೂ ಅದೇ ಮೂಲವೆಂದು ನಂಬಿದ್ದನು. ಸ್ಕೋಪ್ಸನ ಮೊಕದ್ದಮೆಗೆ ಆಧಾರವಾದ ಪಠ್ಯಪುಸ್ತಕ, ಹಂಟರನ ‘ಸಿವಿಕ್ ಬಯಾಲಜಿ’ (1914), ಮಾನವಜನಾಂಗಗಳನ್ನು ಮೇಲುಕೀಳಾಗಿ ಜೋಡಿಸಿ ಬಿಳಿಯರನ್ನು ಶಿಖರದಲ್ಲಿರಿಸಿತ್ತು. ‘ಕೀಳು’ ಕುಟುಂಬಗಳ ಸಂತಾನವನ್ನು ತಡೆಯಬೇಕೆಂದೂ ಬೋಧಿಸಿತ್ತು. ನಾಟಕದಲ್ಲಿ ಈ ಪುಸ್ತಕದೊಳಗಣ ವಿಷಯ ವಾದಕ್ಕೆ ಬರುವುದೇ ಇಲ್ಲ. ಬಂದಿದ್ದರೆ ಡ್ರಮಂಡನ ಕೆಲಸ ಕಷ್ಟವಾಗುತ್ತಿತ್ತು, ನಾಟಕವು ದೊಡ್ಡದಾಗುತ್ತಿತ್ತು. ಎರಡು ಸತ್ಯಗಳು ಎದುರುಬದುರು ನಿಂತಾಗ ದುರಂತನಾಟಕ ಹುಟ್ಟುತ್ತದೆ. ಒಂದು ಕಡೆಯ ಸತ್ಯವನ್ನು ಮೊದಲೇ ಕಸಿದುಕೊಂಡರೆ ಉಳಿಯುವುದು ವಿಡಂಬನ. ಬ್ರೇಡಿಯ ಸಾವಿನ ಮೇಲೆ ಡ್ರಮಂಡನು ಆತನ ಹಿಂದಿನ ಹಿರಿಮೆಯನ್ನು ನೆನೆಯುವ ಮಾತು ಪ್ರೇಕ್ಷಕನಿಗೆ ತಟ್ಟದಿರುವುದು ಈ ಕಾರಣದಿಂದ. ಆ ಹಿರಿಮೆಯನ್ನು ಆತನು ರಂಗದ ಮೇಲೆ ಕಂಡೇ ಇಲ್ಲವಲ್ಲ! ಕಾನೂನಿನಲ್ಲಿ ದಂಡನೆಯ ವಿಧಿಯೇ ಬೇಡವೆಂದು ಸಲಹೆಯಿತ್ತು, ಸ್ಕೋಪ್ಸನ ದಂಡವನ್ನು ತಾನೇ ತೆರುವೆನೆಂದವನು ಬ್ರಯನ್. ನೂರು ಡಾಲರು ಸಾಲದೆಂದು ಕೂಗಾಡುವವನು ಬ್ರೇಡಿ. ಹೀಗಿದ್ದರೂ, ಮಗಳನ್ನು ಶಪಿಸಹೊರಟ ಪಾದ್ರಿಯನ್ನು ಬ್ರೇಡಿಯು ತಡೆದು, ನಾಟಕಕ್ಕೆ ಹೆಸರನ್ನಿತ್ತ ಜ್ಞಾನೋಕ್ತಿಯ ವಾಕ್ಯವನ್ನು ನೆನಪಿಸುವ ಸಂದರ್ಭವೊಂದರಲ್ಲಿ ಚರಿತ್ರೆಯ ಮನುಷ್ಯನ ನೆರಳು ಸುಳಿಯುತ್ತದೆ. ಇಡಿಯ ಕೃತಿಯಲ್ಲಿ ಅತ್ಯಂತ ಸತ್ಯವಾದ ಭಾಗ ಅದೇ ಎಂದು ನನ್ನ ಅಭಿಪ್ರಾಯ.

ಹಾರ್ನ್‌ಬೆಕ್ಕನ ಪಾತ್ರದಲ್ಲಿ ವಿಪರ್ಯಾಸವು ಇನ್ನೂ ಸ್ಪಷ್ಟ. ನಾಟಕದಲ್ಲಿ ಆತನು ಹೊಸಕಾಲದ ನಾಲಗೆ. ಡ್ರಮಂಡನು ಕೊನೆಯಲ್ಲಿ ಆತನ ಹೃದಯಶೂನ್ಯತೆಯನ್ನು ಹಳಿದರೂ ಆತನ ರಾಜಕೀಯವೇನೆಂದು ಯಾರೂ ಕೇಳುವುದಿಲ್ಲ. ಮೆಂಕನನಿಗೆ ದೇವರಲ್ಲಿ ನಂಬಿಕೆಯಿರಲಿಲ್ಲ, ಪ್ರಜಾಪ್ರಭುತ್ವದಲ್ಲಿಯೂ ಇರಲಿಲ್ಲ. ಸಾಮಾನ್ಯ ಜನರ ಆಳ್ವಿಕೆಯನ್ನು ಜರೆಯುವುದಕ್ಕೆಂದೇ 1926ರಲ್ಲಿ ಒಂದು ಪುಸ್ತಕವನ್ನು ಪ್ರಕಟಿಸಿದನು. ಮುಂದೆ ರೂಸ್‌ವೆಲ್ಟನ ‘ನ್ಯೂ ಡೀಲ್’ ಸುಧಾರಣೆಗಳನ್ನು ಕಟುವಾಗಿ ವಿರೋಧಿಸಿದನು. ಇತ್ತ ಡ್ಯಾರೊ 1896ರಲ್ಲಿ ಬ್ರಯನನ ಪಕ್ಷದಲ್ಲಿ ನಿಂತು ದುಡಿದವನು. ಹೀಗೆ ಡೇಟನ್ನಿನಲ್ಲಿ ನೆರೆದ ಮೂವರಲ್ಲಿ ರಾಜಕೀಯದ ಅರ್ಥದಲ್ಲಿ ಸಂಪ್ರದಾಯವಾದಿಯೆನ್ನಬಹುದಾದವನು ನಾಸ್ತಿಕ ಮೆಂಕನನೊಬ್ಬನೇ.

ಮತಕ್ಕೂ ಸಂಪ್ರದಾಯವಾದಿ ರಾಜಕೀಯಕ್ಕೂ ಗಂಟುಬಿದ್ದದ್ದು ಆಮೇಲೆ, ಮೆಲ್ಲಮೆಲ್ಲನೆ. 1935ರಲ್ಲಿ ಲಾಸ್ ಏಂಜಲ್ಸಿನ ಪಾದ್ರಿ ಜೇಮ್ಸ್ ಫಿಫೀಲ್ಡ್ ‘ಸ್ಪಿರಿಚುಯಲ್ ಮೊಬಿಲೈಜೇಷನ್’ ಎಂಬ ಸಂಸ್ಥೆಯನ್ನು ಸ್ಥಾಪಿಸಿ, ಉದ್ಯಮಪತಿಗಳ ಹಣದಿಂದ ‘ನ್ಯೂ ಡೀಲ್’ ವಿರುದ್ಧ ಪ್ರಚಾರ ನಡೆಸಿದನು. ಸೋಜಿಗವೆಂದರೆ ಆತನು ಶಾಸ್ತ್ರದ ವಿಷಯದಲ್ಲಿ ಉದಾರಿ; ಬೈಬಲ್ಲಿನ ಅಕ್ಷರಕ್ಕೆ ಅಂಟಿಕೊಂಡವನಲ್ಲ. 1965ರಲ್ಲಿ ವರ್ಜೀನಿಯದ ಜೆರಿ ಫಾಲ್ವೆಲ್, ಮಾರ್ಟಿನ್ ಲೂಥರ್ ಕಿಂಗರಂಥವರ ಹೋರಾಟವನ್ನು ಆಕ್ಷೇಪಿಸುತ್ತ, ಪಾದ್ರಿಯ ಕೆಲಸ ಆತ್ಮಗಳನ್ನು ಗೆಲ್ಲುವುದೇ ಹೊರತು ರಾಜಕೀಯವಲ್ಲವೆಂದು ಉಪದೇಶಿಸಿದನು; 1979ರಲ್ಲಿ ಅದೇ ಫಾಲ್ವೆಲ್ ‘ಮಾರಲ್ ಮೆಜಾರಿಟಿ’ಯನ್ನು ಕಟ್ಟಿದನು. ಗರ್ಭಪಾತದ ನಿಷೇಧವೇ ಈ ಚಳುವಳಿಯ ಮೂಲವೆಂದು ಸಾಮಾನ್ಯವಾಗಿ ಹೇಳುತ್ತಾರೆ. ಆದರೆ 1971ರಲ್ಲಿ ದಕ್ಷಿಣದ ಬ್ಯಾಪ್ಟಿಸ್ಟ್ ಮಹಾಸಭೆಯು ಕೆಲವು ಸಂದರ್ಭಗಳಲ್ಲಿ ಗರ್ಭಪಾತಕ್ಕೆ ಕಾನೂನು ಅವಕಾಶವೀಯಬೇಕೆಂದು ನಿರ್ಣಯ ಮಾಡಿತ್ತು. ಚರಿತ್ರಕಾರ ರ‍್ಯಾಂಡಲ್ ಬಾಮರ್ ಬೇರೆಯೇ ಮೂಲವನ್ನು ತೋರಿಸುತ್ತಾರೆ: ಕರಿಯರನ್ನು ದೂರವಿಡುತ್ತಿದ್ದ ಖಾಸಗಿ ಕ್ರೈಸ್ತ ಶಾಲೆಗಳಿಗೆ ಸರ್ಕಾರವು ತೆರಿಗೆಯ ವಿನಾಯಿತಿಯನ್ನು ನಿಲ್ಲಿಸಹೊರಟದ್ದು. ಬಾಬ್ ಜೋನ್ಸ್ ವಿಶ್ವವಿದ್ಯಾಲಯದ ವಿನಾಯಿತಿ 1976ರಲ್ಲಿ ರದ್ದಾಯಿತು. 1983ರಲ್ಲಿ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿಯಿತು. ಒಂದೇ ಕಾರಣದಿಂದ ಎಲ್ಲವನ್ನೂ ವಿವರಿಸುವುದು ಸಾಧುವಲ್ಲ. ಶಾಲೆಗಳಲ್ಲಿ ಅಧಿಕೃತ ಪ್ರಾರ್ಥನೆಯನ್ನು ತಡೆದ 1962ರ ತೀರ್ಪು, ಸ್ತ್ರೀಸಮಾನತೆಯ ತಿದ್ದುಪಡಿ, 1973ರ ಗರ್ಭಪಾತದ ತೀರ್ಪು ಇವೂ ಸೇರಿದವು. 1980ರ ಆಗಸ್ಟಿನಲ್ಲಿ ರೇಗನ್ ಸಾವಿರಾರು ಪಾದ್ರಿಗಳ ಸಭೆಯಲ್ಲಿ ಅವರ ಬೆಂಬಲವನ್ನು ಕೋರಿದ್ದು ಡಲ್ಲಾಸಿನಲ್ಲಿ. ಬ್ರೇಡಿಯು ಇಪ್ಪತ್ತೈದು ವರ್ಷ ಮೊದಲು ರಂಗದ ಮೇಲೆ ಹುಟ್ಟಿ ಸತ್ತದ್ದೂ ಅದೇ ಊರಿನಲ್ಲಿ. ಆ ಚುನಾವಣೆಯಲ್ಲಿ ಸೋತ ಕಾರ್ಟರ್ ಬ್ಯಾಪ್ಟಿಸ್ಟ್ ಭಾನುವಾರದ ಶಾಲೆಯಲ್ಲಿ ಬೈಬಲ್ ಕಲಿಸುತ್ತಿದ್ದವನೆಂಬುದನ್ನೂ ಮರೆಯಬಾರದು. ಬೈಬಲ್ಲಿನಲ್ಲಿ ಅಷ್ಟೇ ದೃಢವಾದ ಶ್ರದ್ಧೆಯುಳ್ಳ ಕರಿಯ ಪ್ರಾಟೆಸ್ಟಂಟರು ಈ ಮೈತ್ರಿಗೆ ಸೇರಲಿಲ್ಲ.

ಹಾಗೆಂದು ಬ್ರಯನನಿಗೂ ಮುಂದಿನವರಿಗೂ ಯಾವ ಸಂಬಂಧವೂ ಇಲ್ಲವೆನ್ನಲಾಗದು. 1924ರ ಡೆಮಾಕ್ರಟಿಕ್ ಸಮ್ಮೇಳನದಲ್ಲಿ ಕರಿಯರ ವೈರಿಯಾದ ಕೂ ಕ್ಲಕ್ಸ್ ಕ್ಲಾನ್ ಸಂಘವನ್ನು ಹೆಸರೆತ್ತಿ ಖಂಡಿಸಬೇಕೆಂಬ ಸೂಚನೆ ಬಂದಾಗ, ಪಕ್ಷವು ಒಡೆದೀತೆಂದು ಅದನ್ನು ವಿರೋಧಿಸಿ ಮಾತನಾಡಿದವನು ಬ್ರಯನ್. ಸೂಚನೆಯು ಕೂದಲೆಳೆಯ ಅಂತರದಲ್ಲಿ ಬಿದ್ದುಹೋಯಿತು. ದಕ್ಷಿಣದಲ್ಲಿ ಕರಿಯರ ಮತದ ಹಕ್ಕನ್ನು ಕಸಿದುಕೊಂಡದ್ದನ್ನೂ ಆತನು ಪ್ರತಿಭಟಿಸಲಿಲ್ಲ. ಬ್ರಯನನಿಂದ ಫಾಲ್ವೆಲ್ಲನವರೆಗೆ ಎಳೆಯೊಂದನ್ನು ಹುಡುಕುವವರು ಆದಿಕಾಂಡದ ಸೃಷ್ಟಿಯ ಕಥೆಗಿಂತ ಈ ಮೌನವನ್ನು ಹಿಡಿದು ನಡೆಯಬೇಕು. ಹಂಟರನ ಪಠ್ಯದಲ್ಲಿದ್ದ ಜನಾಂಗಗಳ ಮೇಲುಕೀಳನ್ನು ಡೇಟನ್ನಿನಲ್ಲಿ ಡ್ಯಾರೊ ಕೂಡ ಪ್ರಶ್ನಿಸಲಿಲ್ಲ. ಹಿಲ್ಸ್‌ಬೊರೊದ ನ್ಯಾಯಾಲಯದಲ್ಲಿಯಂತೂ ಆ ಮಾತು ಯಾರ ಬಾಯಿಂದಲೂ ಹೊರಡುವುದಿಲ್ಲ.