ಸಪ್ಪೆ ಎಂಬ ದೂರು

ಬಳಸಿದವರ ಮಾತು ಕೇಳಿ ಕೊಳ್ಳುವುದು ನಮ್ಮಲ್ಲಿ ಹಳೆಯ ರೂಢಿ. ಸಿರುಗುಪ್ಪದ ಸೋನಾ ಮಸೂರಿಯಿರಲಿ, ಬಳ್ಳಾರಿಯ ಜೀನ್ಸ್ ಪ್ಯಾಂಟಿರಲಿ, ನೆರೆಮನೆಯವರು ‘ಚಲೋ ಐತ್ರಿ’ ಎಂದರೆ ಅರ್ಧ ವ್ಯಾಪಾರ ಮುಗಿದ ಹಾಗೆ. ಉಂಡವರಿಗೆ ಅನ್ನದ ರುಚಿ ಗೊತ್ತು, ತೊಟ್ಟವರಿಗೆ ಪ್ಯಾಂಟಿನ ಹದ ಗೊತ್ತು. ಆದರೆ ಸ್ಟುಡಿಯೋ ಹೆಡ್‌ಫೋನಿನ ವಿಷಯದಲ್ಲಿ ಈ ರೂಢಿ ಕೈಕೊಡುತ್ತದೆ.

ಕಾರಣ ಸರಳ. ಮನೆಬಳಕೆಯ ಹೆಡ್‌ಫೋನ್ ಪ್ಯಾಂಟಿನ ಹಾಗೆ; ತೊಟ್ಟವರಿಗೆ ಹಿತವಾದರೆ ಸಾಕು. ಸ್ಟುಡಿಯೋದ್ದು ದರ್ಜಿಯ ಕೊರಳಲ್ಲಿರುವ ಅಳತೆ ಟೇಪು. ಅದು ಚೆಂದವೇ ಎಂದು ಯಾರೂ ಕೇಳುವುದಿಲ್ಲ, ಇಂಚು ಇಂಚಾಗಿಯೇ ಇದೆಯೇ ಎಂದು ಕೇಳುತ್ತಾರೆ. ಹಿಗ್ಗಿದ ಟೇಪಿನಿಂದ ಅಳೆದು ಹೊಲಿದ ಪ್ಯಾಂಟು ಅದೇ ಟೇಪಿನಿಂದ ಅಳೆದರೆ ಸರಿಯಾಗಿಯೇ ಇರುತ್ತದೆ. ಪರವೂರಿನ ಗಿರಾಕಿ ತೊಟ್ಟಾಗಲೇ ತಪ್ಪು ಹೊರಬೀಳುವುದು.

ಧ್ವನಿಯಲ್ಲೂ ಹೀಗೆಯೇ. ಕುರುಗೋಡಿನ ಕಡೆಯ ಬಯಲಾಟದ ಹಾಡನ್ನು ಮುದ್ರಿಸಿ ಹದಗೊಳಿಸುವ ಹುಡುಗನೊಬ್ಬನನ್ನು ನೆನೆಯಿರಿ. ಅವನ ಹೆಡ್‌ಫೋನ್ ಕೆಳಗಿನ ಸ್ವರಗಳನ್ನು ಇದ್ದದ್ದಕ್ಕಿಂತ ಉಬ್ಬಿಸಿದರೆ, ಮದ್ದಳೆ ಹೆಚ್ಚಾಯಿತೆಂದು ಅವನು ತಗ್ಗಿಸುತ್ತಾನೆ. ಅವನ ಕಿವಿಗೆ ಎಲ್ಲವೂ ಸರಿ. ಬೇರೆಯವರ ಮನೆಯಲ್ಲಿ ಅದೇ ಮದ್ದಳೆ ತಗಡು ಬಡಿದಂತೆ ಕೇಳುತ್ತದೆ.

ಇಂಥ ಹೆಡ್‌ಫೋನುಗಳ ಬಗ್ಗೆ ಕೊಂಡವರು ಬರೆದ ಅಭಿಪ್ರಾಯಗಳನ್ನು ನಾನು ಉತ್ತರಪತ್ರಿಕೆ ತಿದ್ದುವ ಅಭ್ಯಾಸದಿಂದಲೇ ಓದಿದ್ದೇನೆ. ಇವರು ಅಂಕ ಕೊಡುವುದರಲ್ಲಿ ಉದಾರಿಗಳು, ಕಾರಣ ಕೊಡುವುದರಲ್ಲಿ ಜಿಪುಣರು. ಬೇಸ್ ಎದೆ ನಡುಗಿಸುತ್ತದೆಂದು ಒಬ್ಬರು ಐದು ನಕ್ಷತ್ರ ಕೊಟ್ಟರೆ, ಸಪ್ಪೆಯೆಂದು ಇನ್ನೊಬ್ಬರು ಎರಡಕ್ಕೆ ನಿಲ್ಲಿಸುತ್ತಾರೆ. ನಿಖರತೆಯನ್ನು ಹುಡುಕುವವರಿಗೆ ಎರಡನೆಯದೇ ಒಳ್ಳೆಯ ಸುದ್ದಿಯಾಗಿರಬಹುದು. ಹಾಗೆಂದು ಸಪ್ಪೆ ಎಂಬ ದೂರೂ ಪುರಾವೆಯಲ್ಲ. ನಿನ್ನೆಯವರೆಗೆ ಉಪ್ಪು ಮುಂದಾದ ಸಾರು ಉಂಡವರಿಗೆ ಹದವಾದ ಸಾರೂ ಸಪ್ಪೆ; ಉಪ್ಪೇ ಹಾಕದ ಸಾರೂ ಸಪ್ಪೆ.

‘ಇದುವರೆಗೆ ಕೇಳದ ಸಣ್ಣ ಸದ್ದುಗಳೂ ಕೇಳಿದವು’ ಎನ್ನುವುದು ಇನ್ನೊಂದು ಬಗೆ. ಕೇಳಿರಬಹುದು. ಮೇಲಿನ ಸ್ವರಗಳನ್ನು ಕೊಂಚ ಎತ್ತಿಕೊಟ್ಟರೂ ಹಾಡುವವರ ಉಸಿರು, ತಾಳದ ಅಂಚು ಮುಂದೆ ಬಂದು ನಿಲ್ಲುತ್ತವೆ. ಸಾಲಿನಡಿ ಕೆಂಪು ಗೆರೆ ಎಳೆದರೆ ಆ ಸಾಲು ಎದ್ದು ಕಾಣುತ್ತದೆ. ಗೆರೆ ಮೂಲದಲ್ಲಿ ಇರಲಿಲ್ಲ.

ಶಬ್ದವೇ ಸಾಲದು ಎನ್ನುವವರಿದ್ದಾರೆ. ಬೇಯರ್‌ಡೈನಾಮಿಕ್ ಕಂಪನಿಯ ಡಿಟಿ 770 ಪ್ರೊ 32, 80, 250 ಓಮ್ ಎಂಬ ಮೂರು ಬಗೆಗಳಲ್ಲಿ ಬಂದಿದೆ. 250 ಓಮಿನದನ್ನು ಮೊಬೈಲಿಗೆ ಸಿಕ್ಕಿಸಿ ಕ್ಷೀಣವೆಂದು ದೂರಿದರೆ ಅದು ಮೊಬೈಲಿನ ಕಸುವಿನ ಮಾತಾಯಿತು. ಎರಡನ್ನು ಹೋಲಿಸುವಾಗ ತುಸು ಜೋರಾಗಿರುವುದೇ ಮೇಲೆಂದು ಕಿವಿ ನಂಬುವುದೂ ಉಂಟು. ಸದ್ದನ್ನು ಸಮ ಮಾಡಿಕೊಂಡು ಕೇಳಿದೆ ಎಂದು ಬರೆದವರು ವಿರಳ.

ಇನ್ನು ಕೇಳುವ ತಲೆಯ ಸಂಗತಿ. ಕನ್ನಡಕದ ಕಡ್ಡಿಯೋ ಜುಮುಕಿಯೋ ಮೆತ್ತೆಯಡಿ ಸಂದು ಬಿಟ್ಟರೆ, ಕಿವಿ ಮುಚ್ಚುವ ಹೆಡ್‌ಫೋನಿನಲ್ಲಿ ಕೆಳಗಿನ ಸ್ವರಗಳು ಸೋರಿಹೋಗುತ್ತವೆ. ಕನ್ನಡಕದ ಪ್ರಸ್ತಾಪ ಅಲ್ಲೊಂದು ಇಲ್ಲೊಂದು ಸಿಕ್ಕೀತು. ಜುಮುಕಿಯ ಮಾತು ನಾನು ಓದಿದ್ದರಲ್ಲಿ ಎಲ್ಲೂ ಇಲ್ಲ; ಬರೆಯುವವರಲ್ಲಿ ಹೆಂಗಸರೆಷ್ಟು ಎಂಬುದನ್ನು ಅಷ್ಟರಿಂದಲೇ ಊಹಿಸಬಹುದು.

ಹಾಗಾದರೆ ಬಳಸಿದವರ ಮಾತೆಲ್ಲ ವ್ಯರ್ಥವೇ? ಖಂಡಿತ ಅಲ್ಲ. ಮೆತ್ತೆ ಯಾವಾಗ ಸುಲಿಯಿತು, ವೈರು ಎಲ್ಲಿ ತುಂಡಾಯಿತು, ಎರಡು ತಾಸಿಗೆ ನೆತ್ತಿ ನೋಯಿತೇ ಎಂಬುದರಲ್ಲಿ ಅವರೇ ಪ್ರಮಾಣ. ಕಿವಿಯನ್ನೂ ಹಗುರವಾಗಿ ಕಾಣುವಂತಿಲ್ಲ. ಹರ್ಮನ್ ಕಂಪನಿಯ ಸಂಶೋಧಕ ಶಾನ್ ಆಲಿವ್ ಮತ್ತು ಸಂಗಡಿಗರು 2013ರ ಸುಮಾರಿಗೆ ನಡೆಸಿದ ಪರೀಕ್ಷೆಗಳಲ್ಲಿ, ಯಾವ ಹೆಡ್‌ಫೋನೆಂದು ತಿಳಿಯದಂತೆ ಕೇಳಿಸಿದಾಗ, ಬಹುಪಾಲು ಜನ ಒಳ್ಳೆಯ ಕೋಣೆಯಲ್ಲಿಟ್ಟ ಒಳ್ಳೆಯ ಸ್ಪೀಕರಿನ ಧ್ವನಿಗೆ ಹತ್ತಿರವಾದುದನ್ನೇ ಮೆಚ್ಚಿದರು. ಕಿವಿಗಳ ನಡುವೆ ಅಷ್ಟೇನೂ ಜಗಳವಿಲ್ಲ. ಹೆಸರು, ಬೆಲೆ, ಜೋರು ಸೇರಿ ಜಗಳ ಹಚ್ಚುತ್ತವೆ.

ಆದ್ದರಿಂದ ಅಭಿಪ್ರಾಯ ಓದುವಾಗ ಕೇಳಬೇಕಾದ ಪ್ರಶ್ನೆ ಒಂದೇ: ಇವರು ಅಸಲನ್ನು ಕೇಳಿದ್ದಾರೆಯೇ? ಮದ್ದಳೆಯ ಎಡಮುಖಕ್ಕೂ ಬಲಮುಖಕ್ಕೂ ಇರುವ ಅಂತರ, ಎದುರು ಕೂತು ಕೇಳಿದಾಗ ಇದ್ದಂತೆಯೇ ಇದೆ ಎಂದು ಯಾರಾದರೂ ಬರೆದರೆ ಆ ಒಂದು ಸಾಲು ನೂರು ನಕ್ಷತ್ರಕ್ಕಿಂತ ಮೇಲು. ಅಸಲು ಕಾಣದವರು ನಕಲನ್ನು ತಿದ್ದಲಾರರು.

ಇದು ಬರಿಯ ಕೊಳ್ಳುವ ಜಾಣತನದ ಮಾತಲ್ಲ. ನಮ್ಮ ಜಿಲ್ಲೆಯ ಬುರ್ರಕಥೆಯ ದರೋಜಿ ಈರಮ್ಮ 2014ರಲ್ಲಿ ತೀರಿಕೊಂಡರು. ಆ ದನಿಯನ್ನು ಎದುರು ಕೂತು ಕೇಳಿದವರು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಾರೆ. ಮುಂದಿನವರಿಗೆ ದಕ್ಕುವುದು ಧ್ವನಿಮುದ್ರಣ ಮಾತ್ರ. ಇಂಥ ದನಿಗಳನ್ನು ಹದಗೊಳಿಸುವವರ ಟೇಪು ಹಿಗ್ಗಿದ್ದರೆ, ದನಿಯೇ ಹಾಗಿತ್ತೆಂದು ಮಕ್ಕಳು ನಂಬುತ್ತಾರೆ. ಅಲ್ಲವೆನ್ನಲು ಆಗ ಯಾರೂ ಉಳಿದಿರುವುದಿಲ್ಲ.

ಹೆಡ್‌ಫೋನ್ ಕೊಳ್ಳುವ ಹುಡುಗರು ಅಭಿಪ್ರಾಯಗಳನ್ನು ಓದಲಿ, ಬೇಡವೆನ್ನುವುದಿಲ್ಲ. ಕೊಂಡ ಮೇಲೆ, ತಾವು ಮುದ್ರಿಸಿದ ಮೇಳದ ಹಿರಿಯರ ಕಿವಿಗೆ ಅದನ್ನೊಮ್ಮೆ ಏರಿಸಲಿ. ಅವರು ನಕ್ಷತ್ರ ಕೊಡಲಿಕ್ಕಿಲ್ಲ. ‘ತಮ್ಮಾ, ಎಡಗೈ ಪೆಟ್ಟು ಕೇಳಸವಲ್ದು’ ಎಂದಾರು. ವಿಮರ್ಶೆ ಎಂದರೆ ಅದು.