ಅಂಚಿನ ಆಟಗಾರನ ಆಚಾರ್ಯತ್ವ

ರಗ್ಬಿ ಲೀಗ್ ಆಟದಲ್ಲಿ ಪಕ್ಕದ ಗೆರೆಯ ಬಳಿ ನಿಲ್ಲುವ ವಿಂಗರನದು ಪರಾಧೀನವಾದ ವೈಭವ. ಹದಿಮೂವರ ತಂಡದಲ್ಲಿ ನಡುವಿನವರು ಆರು ಟ್ಯಾಕಲ್‌ಗಳ ಮಿತಿಯೊಳಗೆ ನುಗ್ಗಿ, ಬಿದ್ದು, ಎದ್ದು, ಚೆಂಡನ್ನು ಕೈಯಿಂದ ಕೈಗೆ ದಾಟಿಸಿ ಕಡೆಗೊಮ್ಮೆ ಅವನಲ್ಲಿಗೆ ತಲುಪಿಸಿದರಷ್ಟೇ ಅವನ ವೇಗಕ್ಕೆ ಸಾರ್ಥಕ್ಯ. ಇಲ್ಲವಾದರೆ ಮೈದಾನದೊಳಗಿದ್ದೂ ಅವನು ಪ್ರೇಕ್ಷಕನೇ ಸರಿ. ಪೊಲೀಸ್ ಉದ್ಯೋಗದಲ್ಲಿದ್ದುಕೊಂಡು ಕ್ವೀನ್ಸ್‌ಲೆಂಡಿಗಾಗಿ ಈ ಸ್ಥಾನದಲ್ಲಿ ಆಡಿ, 1971ರಲ್ಲಿ ಆಸ್ಟ್ರೇಲಿಯಾ ತಂಡದೊಡನೆ ನ್ಯೂಜಿಲೆಂಡಿಗೆ ಹೋಗಿಬಂದ ವೇಯ್ನ್ ಬೆನೆಟ್ಟರು ಆಟಗಾರರಾಗಿಯೇ ಉಳಿದಿದ್ದರೆ ದಾಖಲೆಪುಸ್ತಕದ ಒಂದು ಸಾಲಿಗೆ ಅವರ ಕಥೆ ಮುಗಿಯುತ್ತಿತ್ತು. ತರಬೇತುದಾರರಾಗಿ ಅವರು ಗಳಿಸಿದ ಕೀರ್ತಿ ಅಪಾರ. ಆ ಕೀರ್ತಿಯ ಆಧಾರವಾವುದು, ಅದರ ಮೇರೆ ಎಲ್ಲಿ ಎಂಬುದೇ ವಿಚಾರಾರ್ಹ.

1988ರಲ್ಲಿ ಬ್ರಿಸ್ಬೇನ್ ಬ್ರಾಂಕೋಸ್ ಕ್ಲಬ್ಬು ಕಣಕ್ಕಿಳಿದಾಗ ಅದರ ಮೊದಲ ತರಬೇತುದಾರರಾದ ಬೆನೆಟ್ಟರು 1992ರಿಂದ 2006ರೊಳಗೆ ಅದಕ್ಕೆ ಆರು ಪ್ರಶಸ್ತಿಗಳನ್ನು ತಂದುಕೊಟ್ಟರು. ಏಳನೆಯದು 2010ರಲ್ಲಿ ಸೇಂಟ್ ಜಾರ್ಜ್ ಇಲ್ಲವಾರಾ ತಂಡದ ಪಾಲಾಯಿತು. ಆದರೆ ಈ ಪರಂಪರೆಗೆ ಅಡಿಪಾಯ ಬಿದ್ದದ್ದು ಯಾವ ಪ್ರಶಸ್ತಿಯೂ ಕೈಸೇರದಿದ್ದ 1990ರಲ್ಲಿಯೇ ಎನ್ನಬೇಕು. ಕ್ವೀನ್ಸ್‌ಲೆಂಡಿನ ಜನ ದೇವರಂತೆ ಕಾಣುತ್ತಿದ್ದ ವಾಲಿ ಲೂಯಿಸರಿಂದ ನಾಯಕತ್ವವನ್ನು ತೆಗೆದು ಜೀನ್ ಮೈಲ್ಸರಿಗೆ ವಹಿಸಿದಾಗ ಎದ್ದ ಕೋಲಾಹಲ ಸಾಮಾನ್ಯವಾದುದಲ್ಲ. ಆ ವರ್ಷದ ಕೊನೆಗೆ ಲೂಯಿಸ್ ಕ್ಲಬ್ಬನ್ನೇ ತೊರೆದರು. ಬೆನೆಟ್ಟರು ಮಣಿಯಲಿಲ್ಲ.

ಇದೇ ವ್ಯಕ್ತಿಯ ಇನ್ನೊಂದು ಮುಖ ಕಾಣುವುದು, ಅವರು ಬ್ರಾಂಕೋಸ್‌ಗೆ ಮರಳಿದ ಮೇಲೆ, 2015ರ ಗ್ರ್ಯಾಂಡ್ ಫೈನಲ್‌ನ ಬಳಿಕ. ಬ್ರಾಂಕೋಸ್ 16–12ರಿಂದ ಮುಂದಿದ್ದಾಗ, ಆಟ ಮುಗಿಯಿತೆಂದು ಸೈರನ್ ಕೂಗುವ ಹೊತ್ತಿಗೆ ಸರಿಯಾಗಿ ನಾರ್ತ್ ಕ್ವೀನ್ಸ್‌ಲೆಂಡ್ ಕೌಬಾಯ್ಸ್ ತಂಡದ ವಿಂಗರ್ ಕೈಲ್ ಫೆಲ್ಟ್ ಮೂಲೆಯಲ್ಲಿ ಚೆಂಡನ್ನು ನೆಲಕ್ಕೂರಿ ಅಂಕ ಸಮಗೊಳಿಸಿದರು. ಜೊನಾಥನ್ ಥರ್ಸ್ಟನ್ ಒದ್ದ ಚೆಂಡು ಗೋಲುಗಂಬಕ್ಕೆ ಬಡಿದು ಪಂದ್ಯ ಸಮವಾಗಿಯೇ ಉಳಿಯಿತು. ಹೆಚ್ಚುವರಿ ಆಟದ ಮೊದಲ ಒದೆತದಲ್ಲಿಯೇ ಬ್ರಾಂಕೋಸ್‌ನ ಬೆನ್ ಹಂಟ್ ಚೆಂಡನ್ನು ಕೈಬಿಟ್ಟರು. ಥರ್ಸ್ಟನ್ನರು ಒದ್ದ ಒಂದೇ ಅಂಕದಿಂದ ಪ್ರಶಸ್ತಿ ಕೈತಪ್ಪಿತು. ಮರುವರ್ಷವೂ ಹಾಫ್‌ಬ್ಯಾಕ್ ಸ್ಥಾನದಲ್ಲಿ ಹಂಟರೇ ಆಡಿದರು. ಮೆರೆಯುತ್ತಿದ್ದವನನ್ನು ಇಳಿಸುವ ನಿಷ್ಠುರತೆಯೂ ಎಡವಿದವನನ್ನು ಉಳಿಸಿಕೊಳ್ಳುವ ಔದಾರ್ಯವೂ ಒಂದೇ ದೃಷ್ಟಿಯ ಎರಡು ಫಲಗಳು: ಆಟಗಾರನ ಬೆಲೆಯನ್ನು ಜನರ ಜಯಕಾರವಾಗಲಿ ಧಿಕ್ಕಾರವಾಗಲಿ ಕಟ್ಟತಕ್ಕುದಲ್ಲ. ಪತ್ರಕರ್ತರೆದುರು ನಾಲ್ಕು ಮಾತಿಗೂ ಜಿಪುಣತನ ತೋರುವ, ಮದ್ಯವನ್ನು ಮುಟ್ಟದ ಈ ಮನುಷ್ಯನ ವಿದ್ಯೆ ವ್ಯೂಹರಚನೆಗಿಂತ ಹೆಚ್ಚಾಗಿ ಮನುಷ್ಯಪರೀಕ್ಷೆ.

ದೋಷವೂ ಅಲ್ಲಿಂದಲೇ ಹುಟ್ಟುತ್ತದೆ. ವಿಶ್ವಾಸವೇ ಬಂಡವಾಳವಾದ ವಿಧಾನಕ್ಕೆ ಆಶ್ರಯ ಕೊಡಬೇಕಾದ ಸಂಸ್ಥೆಯೇ ಅಲುಗಾಡಿದರೆ ಗತಿಯೇನು? 2012ರಿಂದ 2014ರವರೆಗೆ ನ್ಯೂಕ್ಯಾಸಲ್ ನೈಟ್ಸ್ ತಂಡದಲ್ಲಿ ಸಂಭವಿಸಿದ್ದು ಅದೇ. ಒಡೆಯರ ಐಶ್ವರ್ಯ ಕರಗಿ ಕ್ಲಬ್ಬು ಲೀಗಿನ ಕೈಗೆ ಹೋಯಿತು, ಬೆನೆಟ್ಟರು ಬರಿಗೈಯಲ್ಲಿ ಹಿಂದಿರುಗಿದರು. ಇದಕ್ಕಿಂತ ಗಂಭೀರವಾದ ಆಕ್ಷೇಪ ಮತ್ತೊಂದುಂಟು. 2018ರ ಕೊನೆಗೆ ಅವರನ್ನು ಕಳೆದುಕೊಂಡ ಬ್ರಾಂಕೋಸ್ 2020ರಲ್ಲಿ, ತನ್ನ ಚರಿತ್ರೆಯಲ್ಲಿ ಮೊಟ್ಟಮೊದಲ ಬಾರಿಗೆ, ಪಟ್ಟಿಯ ಕಟ್ಟಕಡೆಗೆ ಇಳಿಯಿತು. ಅವರ ನಿರ್ಗಮನವೊಂದೇ ಇದಕ್ಕೆ ಕಾರಣವೆನ್ನುವುದು ಅತಿಯಾದೀತು; ಆದರೂ ಕ್ಲಬ್ಬು ಅವರ ಉಪಸ್ಥಿತಿಯನ್ನು ನೆಚ್ಚಿತ್ತೇ ಹೊರತು ಅವರ ಪದ್ಧತಿಯನ್ನು ಮೈಗೂಡಿಸಿಕೊಂಡಿರಲಿಲ್ಲ ಎಂಬುದನ್ನು ಅಲ್ಲಗಳೆಯಲಾಗದು. ಪರರ ಕೈಯ ಚೆಂಡಿಗಾಗಿ ಕಾದು ನಿಂತು ಪರಾಧೀನತೆಯ ಕಷ್ಟವನ್ನರಿತವರೇ ಕ್ಲಬ್ಬುಗಳನ್ನು ತಮಗೆ ಅಧೀನವಾಗಿಸಿದರೆಂಬುದು ವಿಪರ್ಯಾಸ.

ಈ ಆಕ್ಷೇಪಕ್ಕೆ ಸಮಾಧಾನವೂ ಇಲ್ಲದಿಲ್ಲ. ಬ್ರಾಂಕೋಸ್‌ನಲ್ಲಿ ಅವರ ಸಹಾಯಕರಾಗಿದ್ದ ಕ್ರೇಗ್ ಬೆಲ್ಲಮಿ 2003ರಲ್ಲಿ ಮೆಲ್ಬರ್ನ್ ಸ್ಟಾರ್ಮ್ ತಂಡದ ಹೊಣೆ ಹೊತ್ತು ಎರಡು ದಶಕಗಳಿಗೂ ಮೀರಿ ಅಲ್ಲಿಯೇ ನೆಲೆನಿಂತರು. 2006ರ ಫೈನಲ್‌ನಲ್ಲಿ ಗುರುವೇ 15–8ರಿಂದ ಶಿಷ್ಯನನ್ನು ಸೋಲಿಸಿದರೂ ವಿದ್ಯೆ ಸಂಕ್ರಮಿಸಿದುದಕ್ಕೆ ಆ ಪಂದ್ಯವೇ ಸಾಕ್ಷಿ. ಬೆನೆಟ್ಟರು ಬಿಟ್ಟುಹೋದ ಸಂಸ್ಥೆಗಳನ್ನು ನೋಡಿ ಅವರನ್ನು ಅಳೆದರೆ ಅರ್ಧ ಮಾತ್ರ ಸಿಕ್ಕೀತು. ಅವರ ಬಳಿ ಕಲಿತು ಬೇರೆಡೆಗೆ ಹೋದವರನ್ನೂ ಲೆಕ್ಕಕ್ಕೆ ಹಿಡಿದರಷ್ಟೇ ಮೌಲ್ಯನಿರ್ಣಯ ನ್ಯಾಯವಾದುದಾಗುತ್ತದೆ.