ವಾಟಿನ ಹಿಂದೆ ಬಿದ್ದ ಗಿಟಾರ್ ಆಂಪ್ಲಿಫೈಯರ್

ತುಮಕೂರಿನಲ್ಲಿ ರೇಡಿಯೊ, ಟಿವಿ ರಿಪೇರಿ ಬಲ್ಲ ಯಾರನ್ನಾದರೂ ಕಡಿಮೆ ಖರ್ಚಿನಲ್ಲಿ ಒಂದು ಆಂಪ್ಲಿಫೈಯರ್ ಕಟ್ಟುವುದು ಹೇಗೆ ಎಂದು ಕೇಳಿ. ಹೆಚ್ಚಿನ ಪಾಲು ಬರುವ ಉತ್ತರ 4440 ಬೋರ್ಡು. ಸ್ಯಾನ್ಯೊ ಕಂಪನಿ ಕಾರ್ ಸ್ಟೀರಿಯೊಗೆಂದು ತಯಾರಿಸಿದ ಐಸಿ ಅದು. ಒಂದು 12-0-12 ಟ್ರಾನ್ಸ್‌ಫಾರ್ಮರ್, ಎರಡು ಡಯೋಡು, ದಪ್ಪನೆಯ ಕೆಪಾಸಿಟರು, ಹೀಟ್ ಸಿಂಕು, ಪ್ಲೈವುಡ್ ಡಬ್ಬ ಇದ್ದರೆ ಸಂಜೆಯೊಳಗೆ ಹಾಡು ಕೇಳಬಹುದು. ಈ ಅಸೆಂಬಲ್ ಮಾಡುವ ಕಸುಬಿನ ಬಗ್ಗೆ ನನಗೆ ಅಪಾರ ಗೌರವವಿದೆ. ಕೆಟ್ಟರೆ ನಾಲ್ಕು ಸ್ಕ್ರೂ ಬಿಚ್ಚಿ ಸುಟ್ಟ ಐಸಿಯನ್ನು ಕಿತ್ತು ಹೊಸದನ್ನು ಬೆಸೆಯಬಹುದು. ಅಂಗಡಿಯಿಂದ ಬರುವ ಸೀಲ್ ಮಾಡಿದ ಸ್ಪೀಕರುಗಳಲ್ಲಿ ಈ ಸೌಲಭ್ಯ ಎಲ್ಲಿದೆ? ನನ್ನ ತಕರಾರು ಶುರುವಾಗುವುದು ಇದೇ ಡಬ್ಬಕ್ಕೆ ಗಿಟಾರ್ ಚುಚ್ಚಿ, ಇದು ಗಿಟಾರ್ ಆಂಪ್ಲಿಫೈಯರ್ ಎಂದಾಗ.

ಸದ್ದು ಬರುತ್ತದೆ, ಜೋರಾಗಿಯೂ ಬರುತ್ತದೆ. ಆದರೆ ಎಲೆಕ್ಟ್ರಿಕ್ ಗಿಟಾರಿನ ತಂತಿಗೆ ಇರುವ ಹೊಳಪು ಸತ್ತುಹೋಗಿರುತ್ತದೆ, ಕಂಬಳಿ ಹೊದಿಸಿದ ಹಾಗೆ. ಕಟ್ಟಿದವರು ಟ್ರೆಬಲ್ ತಿರುಗಿಸುತ್ತಾರೆ; ಹಿಸ್ ಜಾಸ್ತಿಯಾಗುತ್ತದೆಯೇ ಹೊರತು ತಂತಿ ಹೊಳೆಯುವುದಿಲ್ಲ. ಕಾರಣ ಇನ್‌ಪುಟ್ಟಿನಲ್ಲಿದೆ. ಗಿಟಾರಿನ ಪಿಕಪ್ ಎಂದರೆ ಆಯಸ್ಕಾಂತದ ಸುತ್ತ ಸಾವಿರಾರು ಸುತ್ತು ಸುತ್ತಿದ ಕೂದಲಿನಷ್ಟು ತೆಳು ತಂತಿ. ಸ್ವರ ಮೇಲೇರಿದಂತೆ ಅದರ ಇಂಪೀಡೆನ್ಸೂ, ಅಂದರೆ ಸಂಕೇತಕ್ಕೆ ಒಡ್ಡುವ ತಡೆಯೂ, ಏರುತ್ತದೆ. ಅದಕ್ಕೆ ಎದುರಾಗಿ ಆಂಪ್ಲಿಫೈಯರಿನ ಇನ್‌ಪುಟ್ಟಿನಲ್ಲಿ ಸುಮಾರು 1 ಮೆಗಾ ಓಮ್ ಇರಬೇಕು. 4440ರ ಇನ್‌ಪುಟ್ಟು ಕೆಲವೇ ಹತ್ತು ಕಿಲೋ ಓಮಿನದು. ಮೊಬೈಲ್ ಫೋನಿಗೆ ಅದು ಸಾಕು. ಪಿಕಪ್ಪಿನ ಮೇಲಿನ ಸ್ವರಗಳನ್ನು ಮಾತ್ರ ಅದು ಅಲ್ಲೇ ನುಂಗಿಬಿಡುತ್ತದೆ. ಅಕೌಸ್ಟಿಕ್ ಗಿಟಾರಿಗೆ ಬರೀ ಪೀಜೊ ಬಿಲ್ಲೆ ಅಂಟಿಸಿ ಚುಚ್ಚಿದರೆ ಕಥೆ ಉಲ್ಟಾ: ಕೆಳಗಿನ ಸ್ವರಗಳು ಹೋಗಿ ಕಿರುಗುಟ್ಟುವ ತಗಡು ಸದ್ದು ಉಳಿಯುತ್ತದೆ.

ಮದ್ದು ದೂರದಲ್ಲೇನೂ ಇಲ್ಲ. ನಮ್ಮ ಎಂಜಿನಿಯರಿಂಗ್ ಕಾಲೇಜುಗಳ ಲ್ಯಾಬ್‌ಗಳಲ್ಲಿ ತಲೆಮಾರುಗಳಿಂದ ಗ್ರಾಫ್ ಬರೆಸುತ್ತಿರುವ ಬಿಎಫ್‌ಡಬ್ಲ್ಯು10 ಎಂಬ ಎಫ್‌ಇಟಿ (ಫೀಲ್ಡ್ ಎಫೆಕ್ಟ್ ಟ್ರಾನ್ಸಿಸ್ಟರ್) ಇದೆಯಲ್ಲ, ಅದೊಂದು ಸಾಕು. ಗೇಟಿನಿಂದ ಗ್ರೌಂಡಿಗೆ 1 ಮೆಗಾ ಓಮಿನ ರೆಸಿಸ್ಟರು, ಸೋರ್ಸಿಗೊಂದು ರೆಸಿಸ್ಟರು, ಎರಡು ಕೆಪಾಸಿಟರು. ಇಷ್ಟನ್ನು ಜಾಕಿಗೂ ಬೋರ್ಡಿಗೂ ನಡುವೆ ಕೂರಿಸಿ, ಶೀಲ್ಡ್ ವೈರ್ ಎಳೆದರೆ ಗಿಟಾರಿಗೆ ಜೀವ ಬರುತ್ತದೆ. 1963ರಿಂದ ಸಿದ್ಧಗಂಗಾ ತಾಂತ್ರಿಕ ವಿದ್ಯಾಲಯವಿರುವ ಊರು ಇದು. ಎಫ್‌ಇಟಿಯ ಗುಣವನ್ನು ರೆಕಾರ್ಡ್ ಪುಸ್ತಕದಲ್ಲಿ ಬರೆದವರಿಗೆ ಇಲ್ಲಿ ಬರವಿಲ್ಲ. ಆ ಓದು ಪ್ಲೈವುಡ್ ಡಬ್ಬದವರೆಗೆ ಇಳಿಯದಿರುವುದು ನನಗೆ ನಿಜವಾಗಿಯೂ ನೋವಿನ ಸಂಗತಿ.

ಇಳಿಯದಿರುವುದಕ್ಕೆ ಕಾರಣ ವಾಟಿನ ಹುಚ್ಚು ಎಂದು ನನ್ನ ಅನುಮಾನ. ಗುಬ್ಬಿ, ಕುಣಿಗಲ್ ಸೀಮೆಯ ಹಳ್ಳಿಗಳಲ್ಲಿ ಇಂದಿಗೂ ಹಬ್ಬ, ಜಾತ್ರೆಗೆ ಊರಿನವರೇ ಬಣ್ಣ ಹಚ್ಚಿ ರಾತ್ರಿಯಿಡೀ ಕುರುಕ್ಷೇತ್ರ ನಾಟಕ ಆಡುತ್ತಾರೆ. ಹಾರ್ಮೋನಿಯಂ ಮೇಷ್ಟ್ರ ಪಕ್ಕದಲ್ಲೇ ಮೈಕ್ ಸೆಟ್ಟಿನವರ ಆಂಪ್ಲಿಫೈಯರ್. ದುರ್ಯೋಧನನ ಕಂದ ಪದ್ಯ ಪಕ್ಕದ ಊರಿಗೂ ಕೇಳಬೇಕು. ಮೈಕ್ ಇಲ್ಲದ ಕಾಲದಲ್ಲಿ, 1884ರಲ್ಲಿ ಹುಟ್ಟಿದ ಗುಬ್ಬಿ ನಾಟಕ ಕಂಪನಿಯ ನಟರು ಕೊನೆಯ ಸಾಲಿಗೆ ಕಂಠ ಮುಟ್ಟಿಸಿದ ನಾಡು ಇದು. ಎಷ್ಟು ದೂರ ಕೇಳಿತು ಎಂಬುದೇ ನಮಗೆ ಮೊದಲ ಅಳತೆ. ಮಾತಿಗೆ, ಕಂದಕ್ಕೆ ಅದು ಸರಿ. ಕೋಣೆಯಲ್ಲಿ ನುಡಿಸುವ ಗಿಟಾರಿಗೆ ಆ ಅಳತೆ ಹಿಡಿದರೆ ಕೆಡುತ್ತದೆ. ಹಾಗೆ ನೋಡಿದರೆ ಎರಡು ಪಟ್ಟು ಜೋರು ಎಂದು ಕಿವಿಗೆ ಅನಿಸಬೇಕಾದರೆ ಸುಮಾರು ಹತ್ತು ಪಟ್ಟು ವಾಟ್ ಬೇಕು. ಒಂದು 4440ರ ಎರಡೂ ಚಾನಲ್ ಸೇರಿಸಿ ಬ್ರಿಜ್ ಮಾಡಿದರೂ ಕೊಡುವುದು 19 ವಾಟಿನ ಆಸುಪಾಸು. ಡಬ್ಬದ ಮುಂದೆ 100 ಎಂದು ಅಂಟಿಸಿದ ಮಾತ್ರಕ್ಕೆ ಅದು ಬದಲಾಗದು.

ಕಡಿಮೆ ವಾಟಿನಲ್ಲೂ ಒಳ್ಳೆಯ ನಾದ ಹುಟ್ಟುತ್ತದೆ ಎನ್ನಲು ಒಂದು ಉದಾಹರಣೆ ಇದೆ. ಇಂಗ್ಲೆಂಡಿನ ರಾಕ್ ತಂಡ ಕ್ವೀನ್‌ನ ಜಾನ್ ಡೀಕನ್ 1972ರಲ್ಲಿ ಕಸದ ತೊಟ್ಟಿಯಲ್ಲಿ ಸಿಕ್ಕ ರೇಡಿಯೊ ಬೋರ್ಡೊಂದನ್ನು ಹಳೆಯ ಸ್ಪೀಕರ್ ಡಬ್ಬದೊಳಗೆ ಕೂರಿಸಿದರು. ಓಡುವುದು 9 ವೋಲ್ಟ್ ಬ್ಯಾಟರಿಯಲ್ಲಿ, ಶಕ್ತಿ 1 ವಾಟಿನ ಆಸುಪಾಸು. ತಂಡದ ಗಿಟಾರ್ ವಾದಕ ಬ್ರಯಾನ್ ಮೇ ಅದೇ ಡಬ್ಬದಿಂದ ಪಿಟೀಲು, ಕ್ಲಾರಿನೆಟ್ಟಿನಂಥ ನಾದಗಳನ್ನು ತೆಗೆದು ತಂಡದ ಆಲ್ಬಂಗಳಲ್ಲಿ ಪದರಪದರವಾಗಿ ಜೋಡಿಸಿದರು. ಆ ಬೋರ್ಡಿನಲ್ಲಿದ್ದದ್ದು ಎಸಿ128 ಮುಂತಾದ ಜರ್ಮೇನಿಯಂ ಟ್ರಾನ್ಸಿಸ್ಟರುಗಳು. ಅದೇ ಎಸಿ128 ಅನ್ನು ತುಮಕೂರಿನಿಂದ 70 ಕಿಲೋಮೀಟರ್ ದೂರದ ಬೆಂಗಳೂರಿನಲ್ಲಿ ಬಿಇಎಲ್ (ಭಾರತ್ ಎಲೆಕ್ಟ್ರಾನಿಕ್ಸ್) ತಯಾರಿಸುತ್ತಿತ್ತು. ನಮ್ಮ ಅಟ್ಟದ ಮೇಲಿನ ಹಳೆಯ ಟ್ರಾನ್ಸಿಸ್ಟರ್ ರೇಡಿಯೊಗಳಲ್ಲಿ ಅವು ಇನ್ನೂ ಸಿಕ್ಕಾವು. ಗುಜರಿಗೆ ಹಾಕುವ ಮೊದಲು ಒಮ್ಮೆ ಮುಚ್ಚಳ ತೆಗೆದು ನೋಡಿ ಎನ್ನುತ್ತೇನೆ.

ಆ ರೇಡಿಯೊಗಳ ಕಾಗದದ ಕೋನಿನ ಸ್ಪೀಕರೂ ಬೆಲೆಯುಳ್ಳದ್ದೇ. ಗಿಟಾರ್ ಸ್ಪೀಕರುಗಳು ಸುಮಾರು 5,000 ಹರ್ಟ್ಜ್ ದಾಟಿದ ಮೇಲೆ ಬಾಯಿ ಮುಚ್ಚುತ್ತವೆ. ಡಿಸ್ಟಾರ್ಷನ್ ಕಿವಿಗೆ ಹಿತವಾಗುವುದು ಅದರಿಂದಲೇ. ನಮ್ಮವರು ಹಾಡಿಗೆಂದು ಹಾಕುವ ಟ್ವೀಟರು ಅದೇ ಡಿಸ್ಟಾರ್ಷನ್ನನ್ನು ಗರಗಸದ ಸದ್ದಾಗಿಸುತ್ತದೆ. ಗಿಟಾರಿಗೆಂದು ಕಟ್ಟಿದ ಡಬ್ಬದಲ್ಲಿ ಟ್ವೀಟರಿನ ವೈರನ್ನು ಕತ್ತರಿಸಿಬಿಡುವುದೇ ಒಳ್ಳೆಯದು.

ವಾಲ್ವ್ ರೇಡಿಯೊ ಬಿಚ್ಚುವವರಿಗೆ ಮಾತ್ರ ಬೇರೆ ಮಾತು. ಸ್ವಿಚ್ ಆರಿಸಿದ ಮೇಲೂ ಅದರ ಕೆಪಾಸಿಟರುಗಳಲ್ಲಿ 250 ವೋಲ್ಟಿನಷ್ಟು ಕುಳಿತಿರಬಹುದು. ಅದಕ್ಕಿಂತ ಅಪಾಯ ಎಸಿ-ಡಿಸಿ ಮಾದರಿಯದು. ಅದರಲ್ಲಿ ಮೇನ್ಸಿಗೂ ಚಾಸಿಗೂ ನಡುವೆ ಟ್ರಾನ್ಸ್‌ಫಾರ್ಮರೇ ಇಲ್ಲ. ಪ್ಲಗ್ ತಿರುಗಿ ಹೊಕ್ಕರೆ ಚಾಸಿಯೇ ಫೇಸ್, ಗಿಟಾರಿನ ತಂತಿಯೂ ಫೇಸ್. ಐಸೊಲೇಷನ್ ಟ್ರಾನ್ಸ್‌ಫಾರ್ಮರ್ ಹಾಕದೆ ಅಂಥ ರೇಡಿಯೊಗೆ ಗಿಟಾರ್ ಜಾಕ್ ಕೂರಿಸಕೂಡದು.